ಕಣ್ಣು ಒಣಗುವವರಿಗೆ ಕಡಿಮೆ ಖರ್ಚಿನ ಓದುವ ಕನ್ನಡಕ: ಮುಂಬಯಿಯಲ್ಲಿ ಆರಿಸಿಕೊಳ್ಳುವ ಬಗೆ

ನಲವತ್ತು ದಾಟಿದವರು ಓದಲು ಹಾಕಿಕೊಳ್ಳುವ ಕನ್ನಡಕಕ್ಕೆ ನಮ್ಮಲ್ಲಿ ಚಾಳೀಸು ಎಂಬ ಹೆಸರಿದೆ. ಇಲ್ಲಿಯ ಮರಾಠಿಯವರೂ ಅದನ್ನು ಚಾಳಿಶಿ ಎಂದೇ ಕರೆಯುತ್ತಾರೆ. ಅಕ್ಷರವನ್ನು ಕಾಣಿಸುವುದಷ್ಟೇ ಚಾಳೀಸಿನ ಕೆಲಸ. ಆದರೆ ಓದಲು ಕುಳಿತ ಹತ್ತು ನಿಮಿಷಕ್ಕೇ ಕಣ್ಣಿಗೆ ಮರಳು ಹೊಕ್ಕಂತೆ ಕರಕರ ಎನ್ನಿಸುವವರಿಗೆ, ಸಾಲು ಮಸುಕಾಗಿ ಒಮ್ಮೆ ರೆಪ್ಪೆ ಬಡಿದರೆ ಮತ್ತೆ ತಿಳಿಯಾಗುವವರಿಗೆ, ಯಾವ ದುಃಖವೂ ಇಲ್ಲದೆ ಸಂಜೆಯ ಹೊತ್ತಿಗೆ ಕಣ್ಣೀರು ಸುರಿಯುವವರಿಗೆ ಅಷ್ಟು ಸಾಲದು. ಅಂಥವರಿಗೆ ಅಕ್ಷರವನ್ನು ತೋರಿಸುತ್ತಲೇ ಗಾಳಿಯನ್ನೂ ತಡೆಯುವ ಕನ್ನಡಕ ಬೇಕು. ಕರಡಚ್ಚು ತಿದ್ದುತ್ತ ಇಪ್ಪತ್ತು ವರ್ಷ ಕಳೆದು, ಕಣ್ಣನ್ನು ಒಣಗಿಸಿಕೊಂಡು, ಬೇಡದ ಕನ್ನಡಕಗಳಿಗೆ ಸಾಕಷ್ಟು ದುಡ್ಡು ಸುರಿದ ಮೇಲೆ ನಾನು ಕಲಿತುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಒಗೆದ ಬಟ್ಟೆ ಎರಡು ದಿನವಾದರೂ ಒಣಗದ ಮುಂಬಯಿಯಲ್ಲಿ ಕಣ್ಣು ಒಣಗುವುದುಂಟೇ ಎಂದು ಊರಿನಿಂದ ಬಂದಿದ್ದ ಚಿಕ್ಕಪ್ಪ ನಕ್ಕಿದ್ದರು. ಹೊರಗಿನ ಹವೆಯನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಅವರ ಮಾತು ಸರಿಯೇ. ಆದರೆ ಇಲ್ಲಿಯ ನೌಕರ ದಿನದ ಎಂಟು ಗಂಟೆಯನ್ನು ಎ.ಸಿ. ಕಚೇರಿಯ ಒಣ ಹವೆಯಲ್ಲಿ ಕಳೆಯುತ್ತಾನೆ, ಲೋಕಲ್ ರೈಲಿನ ಕಿಟಕಿಯ ಬದಿಯಲ್ಲಿ ಮುಖಕ್ಕೆ ನೇರವಾಗಿ ಬಡಿಯುವ ಗಾಳಿಗೆ ಒಂದು ಗಂಟೆ ಕೊಡುತ್ತಾನೆ, ಮನೆಗೆ ಬಂದ ಮೇಲೆ ಪೂರ್ಣ ವೇಗದಲ್ಲಿ ತಿರುಗುವ ಫ್ಯಾನಿನ ಅಡಿಯಲ್ಲಿ ಮಲಗುತ್ತಾನೆ. ಕಟ್ಟಡ ಕೆಡವಿ ಕಟ್ಟುವ ಕೆಲಸ ಯಾವ ಗಲ್ಲಿಯಲ್ಲೂ ನಿಲ್ಲುವುದಿಲ್ಲವಾದ್ದರಿಂದ ಧೂಳಂತೂ ಇದ್ದೇ ಇದೆ. ಪುಣೆಯಲ್ಲಿ ಇದೇ ತೊಂದರೆ ಬೇರೆ ರೀತಿಯಲ್ಲಿ ಬರುತ್ತದೆ: ಅಲ್ಲಿಯ ಹವೆಯೇ ಒಣ, ಅದರ ಮೇಲೆ ದಿನವೂ ದ್ವಿಚಕ್ರವಾಹನದ ಓಡಾಟ.

ಕಣ್ಣಿನ ಮೇಲಿನ ತೇವ ಬರಿಯ ನೀರಲ್ಲ. ತಳದಲ್ಲಿ ಲೋಳೆಯಂಥ ಲೇಪ, ಅದರ ಮೇಲೆ ಕಣ್ಣೀರಿನ ಗ್ರಂಥಿಯಿಂದ ಬರುವ ನೀರು, ಎಲ್ಲಕ್ಕಿಂತ ಮೇಲೆ ರೆಪ್ಪೆಯಂಚಿನ ಮೈಬೋಮಿಯನ್ ಗ್ರಂಥಿಗಳು ಸ್ರವಿಸುವ ತೆಳ್ಳನೆಯ ಎಣ್ಣೆ. ಸಾರಿನ ಮೇಲೆ ತೇಲುವ ತುಪ್ಪ ಬಿಸಿಯನ್ನು ಹಿಡಿದಿಡುವಂತೆ ಈ ಎಣ್ಣೆಯ ಪೊರೆ ನೀರು ಆವಿಯಾಗದಂತೆ ಹಿಡಿದಿಡುತ್ತದೆ. ಪ್ರತಿ ಸಲ ರೆಪ್ಪೆ ಬಡಿದಾಗ ಈ ಮೂರೂ ಹೊಸದಾಗಿ ಹರಡಿಕೊಳ್ಳುತ್ತವೆ. ಸುಮ್ಮನೆ ಕುಳಿತಾಗ ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುವ ನಾವು ಪುಸ್ತಕದಲ್ಲೋ ಪರದೆಯಲ್ಲೋ ಮುಳುಗಿದಾಗ 5-7 ಸಲಕ್ಕೆ ಇಳಿದುಬಿಡುತ್ತೇವೆ. ಬಹುಪಾಲು ಮಂದಿಯ ತೊಂದರೆ ನೀರಿನ ಕೊರತೆಯಲ್ಲ, ಇದ್ದ ನೀರು ಬೇಗನೆ ಆವಿಯಾಗಿ ಹೋಗುವುದು. ಒಣಗಿ ಉರಿಯುವ ಕಣ್ಣು ಗಾಬರಿಗೊಂಡು ಒಮ್ಮೆಲೇ ನೀರು ಸುರಿಸುತ್ತದೆ. ಆ ನೀರು ಕೆನ್ನೆಯ ಮೇಲೆ ಹರಿದುಹೋಗುತ್ತದೆಯೇ ಹೊರತು ಕಣ್ಣಿನ ಮೇಲೆ ನಿಲ್ಲುವುದಿಲ್ಲ. ಒಣಗುವ ಕಣ್ಣಿನಿಂದಲೇ ನೀರು ಸೋರುವ ವಿಚಿತ್ರಕ್ಕೆ ಕಾರಣ ಇಷ್ಟೆ.

ಹಾಗಾಗಿ ಕನ್ನಡಕದಿಂದ ನಾವು ಬಯಸಬೇಕಾದದ್ದು ಒಂದೇ: ಕಣ್ಣಿನ ಸುತ್ತ ಗಾಳಿ ಆಡದ ಒಂದು ಪುಟ್ಟ ಕೋಣೆಯನ್ನು ಅದು ಕಟ್ಟಿಕೊಡಬೇಕು. ಒಳಗಿನ ತೇವ ಹೊರಗೆ ಹೋಗದಿದ್ದರೆ ಕಣ್ಣೀರು ನಿಧಾನವಾಗಿ ಆವಿಯಾಗುತ್ತದೆ. ಈ ಉದ್ದೇಶಕ್ಕೆಂದೇ ಮಾಡಿದ, ಅಂಚಿಗೆ ಸ್ಪಂಜು ಅಥವಾ ಸಿಲಿಕೋನ್ ಕಟ್ಟಿರುವ ಕನ್ನಡಕಗಳು ವಿದೇಶಗಳಲ್ಲಿ ತಯಾರಾಗುತ್ತವೆ, ತರಿಸಿಕೊಳ್ಳಲೂಬಹುದು. ಆದರೆ ಸಾಗಣೆ, ಸುಂಕ, ಮೇಲೆ ನಂಬರಿನ ಗಾಜು ಎಲ್ಲವೂ ಸೇರಿದರೆ ಮಧ್ಯಮವರ್ಗದ ಮನೆಯ ಒಂದು ತಿಂಗಳ ದಿನಸಿಯ ಖರ್ಚನ್ನು ಮೀರುತ್ತದೆ. ಕೋಣೆ ಕಟ್ಟುವುದು ಫ್ರೇಮಿನ ಆಕಾರ ಮತ್ತು ಪಕ್ಕದ ಮರೆ. ಗಾಜಿನ ಬೆಲೆಗೂ ಅದಕ್ಕೂ ಸಂಬಂಧವಿಲ್ಲ. ಇದನ್ನು ಅರ್ಥಮಾಡಿಕೊಂಡರೆ ಅರ್ಧ ಖರ್ಚು ಅಲ್ಲೇ ಉಳಿಯುತ್ತದೆ.

ನಂಬರ್ ತೆಗೆಸುವುದು ಬೆಳಗಿನ ಹೊತ್ತು

ಕೆಲವು ವರ್ಷಗಳ ಹಿಂದೆ ಎರಡೇ ತಿಂಗಳಲ್ಲಿ ಮೂರು ಅಂಗಡಿಗಳಲ್ಲಿ ನಂಬರ್ ತೆಗೆಸಿದೆ. ಒಬ್ಬರು ಒಂದೂಮುಕ್ಕಾಲು ಎಂದರು, ಇನ್ನೊಬ್ಬರು ಎರಡೂಕಾಲು ಎಂದರು, ಮೂರನೆಯವರು ಬಲಗಣ್ಣಿಗೆ ಹೊಸದಾಗಿ, ಕಣ್ಣಿನ ವಕ್ರತೆ ಎಲ್ಲ ದಿಕ್ಕಿಗೂ ಒಂದೇ ಇಲ್ಲದಾಗ ಕೊಡುವ ಸಿಲಿಂಡರ್ ನಂಬರನ್ನೂ ಸೇರಿಸಿದರು. ಮೂರೂ ಕನ್ನಡಕ ಮಾಡಿಸಿದ್ದಾಯಿತು, ಒಂದೂ ನೆಟ್ಟಗೆ ಹೊಂದಲಿಲ್ಲ. ಅಂಗಡಿಯವರನ್ನು ಬೈದುಕೊಂಡು ಓಡಾಡಿದೆ. ತಪ್ಪು ಅವರದಲ್ಲವೆಂದು ಆಮೇಲೆ ಗೊತ್ತಾಯಿತು. ಬೆಳಕನ್ನು ಮೊದಲು ಬಾಗಿಸುವ ಮೇಲ್ಮೈ ಎಂದರೆ ಕಣ್ಣೀರಿನ ಪೊರೆಯೇ. ಅದು ಹರಿದು ಹರಿದು ನಿಂತಾಗ ಅಳತೆಯೂ ಗಳಿಗೆಗೊಂದು ಬಗೆಯಾಗುತ್ತದೆ. ಮೂರು ಸಲವೂ ನಾನು ಹೋದದ್ದು ಕೆಲಸ ಮುಗಿಸಿ ಸಂಜೆ ಏಳರ ಮೇಲೆ, ಕಣ್ಣು ಕೆಂಪಗಾಗಿದ್ದ ಹೊತ್ತಿನಲ್ಲಿ.

ಆದ್ದರಿಂದ ಕನ್ನಡಕದ ಅಂಗಡಿಗಿಂತ ಮೊದಲು ಕಣ್ಣಿನ ವೈದ್ಯರ ಬಳಿ ಹೋಗುವುದು ಒಳ್ಳೆಯದು. ಒಣಗುವಿಕೆ ಎಷ್ಟಿದೆ ಎಂದು ನೋಡುವ ಎರಡು ಪರೀಕ್ಷೆಗಳು ಸುಲಭವಾದವು. ಒಂದರಲ್ಲಿ ಕೆಳರೆಪ್ಪೆಯೊಳಗೆ ಒಂದು ಕಾಗದದ ಪಟ್ಟಿಯನ್ನು ಸಿಕ್ಕಿಸಿ 5 ನಿಮಿಷದಲ್ಲಿ ಅದು ಎಷ್ಟು ಮಿಲಿಮೀಟರ್ ಒದ್ದೆಯಾಗುತ್ತದೆ ಎಂದು ಅಳೆಯುತ್ತಾರೆ. ಇದಕ್ಕೆ ಶರ್ಮರ್ ಪರೀಕ್ಷೆ ಎನ್ನುತ್ತಾರೆ, 5 ಮಿಲಿಮೀಟರಿಗಿಂತ ಕಡಿಮೆ ಬಂದರೆ ಕೊರತೆ ಜೋರಾಗಿದೆ ಎಂದರ್ಥ. ಇನ್ನೊಂದರಲ್ಲಿ ಹಳದಿ ಬಣ್ಣದ ಫ್ಲೋರೆಸೀನ್ ಹಾಕಿ, ರೆಪ್ಪೆ ಬಡಿದ ಮೇಲೆ ಎಷ್ಟು ಸೆಕೆಂಡಿಗೆ ಕಣ್ಣೀರಿನ ಪೊರೆ ಒಡೆಯುತ್ತದೆ ಎಂದು ನೋಡುತ್ತಾರೆ; 10 ಸೆಕೆಂಡಿಗೂ ಮೊದಲೇ ಒಡೆದರೆ ಬೇಗನೆ ಆವಿಯಾಗುತ್ತಿದೆ ಎಂದು ತಿಳಿಯಬಹುದು. ಗಾಳಿ ತಡೆಯುವ ಕನ್ನಡಕದಿಂದ ಹೆಚ್ಚಿನ ಸುಖ ಸಿಗುವುದು ಈ ಎರಡನೆಯ ಗುಂಪಿನವರಿಗೆ.

ಖಾಸಗಿ ಕ್ಲಿನಿಕ್ಕಿನ ಶುಲ್ಕ ಭಾರವೆನಿಸಿದರೆ ಭಾಯಖಳದ ಜೆ.ಜೆ. ಆಸ್ಪತ್ರೆ, ಪರೇಲಿನ ಕೆ.ಇ.ಎಂ., ಸಾಯನ್ನಿನ ಲೋಕಮಾನ್ಯ ತಿಲಕ್ ಆಸ್ಪತ್ರೆ ಇವುಗಳಲ್ಲಿ ನೇತ್ರ ವಿಭಾಗವಿದೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ (ಹೆಸರು ನೋಂದಾಯಿಸುವ ಚೀಟಿ) ಮಾಡಿಸಿದರೆ ಖರ್ಚು ಅತ್ಯಲ್ಪ, ಕೊಡಬೇಕಾದದ್ದು ಅರ್ಧ ದಿನದ ಸಮಯ. ಪುಣೆಯವರಿಗೆ ಸಸೂನ್ ಆಸ್ಪತ್ರೆ ಇದೆ. ನಮ್ಮ ಕನ್ನಡ ಸಂಘಗಳು, ಜಾತಿ ಸಂಘಗಳು ಆಗಾಗ ನಡೆಸುವ ನೇತ್ರ ತಪಾಸಣಾ ಶಿಬಿರಗಳಲ್ಲಿ ನಂಬರನ್ನೇನೋ ತೆಗೆದುಕೊಡುತ್ತಾರೆ. ಆದರೆ ನೂರಾರು ಮಂದಿ ಸಾಲುಗಟ್ಟಿರುವಲ್ಲಿ ಕಣ್ಣೀರಿನ ಪರೀಕ್ಷೆಗೆ ಯಾರಿಗೂ ಪುರುಸೊತ್ತು ಇರುವುದಿಲ್ಲ. ವೈದ್ಯರು ಕೊಟ್ಟ ತೇವದ ಹನಿಗಳನ್ನು ಒಂದೆರಡು ವಾರ ಹಾಕಿ, ಕಣ್ಣು ಸಮಾಧಾನಗೊಂಡ ಮೇಲೆ, ಬೆಳಗಿನ ಹೊತ್ತು ನಂಬರ್ ತೆಗೆಸಿ. ಸಾಧ್ಯವಾದರೆ ಒಂದು ವಾರ ಬಿಟ್ಟು ಇನ್ನೊಮ್ಮೆ ನೋಡಿಸಿ, ಎರಡೂ ಹೊಂದಿದರೆ ಮಾತ್ರ ಗಾಜು ಹಾಕಿಸಿ.

ಚೀಟಿಯಲ್ಲಿ ದೂರದ ನಂಬರ್ ಒಂದು, ಅದಕ್ಕೆ ಕೂಡಿಸಬೇಕಾದ ಓದುವ ನಂಬರ್ ಇನ್ನೊಂದು ಇರುತ್ತದೆ. ಬರೀ ಓದಲು ಕನ್ನಡಕ ಮಾಡಿಸುವಾಗ ಎರಡನ್ನೂ ಕೂಡಿಸಬೇಕು. ದೂರಕ್ಕೆ ಮೈನಸ್ 1 ಇದ್ದು ಓದಲು ಪ್ಲಸ್ 2 ಕೂಡಿಸಲು ಹೇಳಿದ್ದರೆ ಓದುವ ಗಾಜಿನ ನಂಬರ್ ಪ್ಲಸ್ 1. ಇದನ್ನು ತಿಳಿಯದೆ ಪ್ಲಸ್ 2ರ ಸಿದ್ಧ ಕನ್ನಡಕ ಕೊಂಡು ತಲೆನೋವು ತಂದುಕೊಂಡವರನ್ನು ನೋಡಿದ್ದೇನೆ. ಪುಸ್ತಕವನ್ನು ಹಿಡಿಯುವುದು ಸುಮಾರು 40 ಸೆಂಟಿಮೀಟರ್ ದೂರದಲ್ಲಿ, ಕಂಪ್ಯೂಟರ್ ಪರದೆ ಇರುವುದು 60-65ರಲ್ಲಿ. ಆದ್ದರಿಂದ ಪರದೆಗೆ ಇನ್ನೂ ಕಡಿಮೆ ನಂಬರ್ ಬೇಕು. ದಿನವೆಲ್ಲ ಪರದೆ ನೋಡುವವರು ಆ ದೂರವನ್ನು ಅಳೆದುಕೊಂಡು ಹೋಗಿ ವೈದ್ಯರಿಗೆ ಹೇಳಬೇಕು. ಚೀಟಿಯಲ್ಲಿ ಪಿ.ಡಿ., ಅಂದರೆ ಎರಡು ಪಾಪೆಗಳ ನಡುವಿನ ಅಂತರವನ್ನೂ ಬರೆಸಿಕೊಳ್ಳಿ. ಅನೇಕರು ಕೇಳದೆ ಬರೆಯುವುದಿಲ್ಲ.

ಫ್ಯಾನಿನ ಕೆಳಗೆ ಫ್ರೇಮ್ ಆರಿಸುವುದು

ಕನ್ನಡಕದ ಅಂಗಡಿಯಲ್ಲಿ ಎಲ್ಲರೂ ಕನ್ನಡಿಯ ಮುಂದೆ ನಿಲ್ಲುತ್ತಾರೆ. ಕಣ್ಣು ಒಣಗುವವರು ಫ್ಯಾನಿನ ಮುಂದೆ ನಿಲ್ಲಬೇಕು. ನನ್ನ ಈಗಿನ ಫ್ರೇಮನ್ನು ಆರಿಸಿದ್ದು ಡೊಂಬಿವಲಿಯ ಒಂದು ಸಣ್ಣ ಅಂಗಡಿಯಲ್ಲಿ. ಗೋಡೆಯ ಫ್ಯಾನ್ ಹಾಕಿಸಿ, ಒಂದೊಂದೇ ಫ್ರೇಮ್ ತೊಟ್ಟು ಮುಖವನ್ನು ಎಡಕ್ಕೆ ಬಲಕ್ಕೆ ನಿಧಾನವಾಗಿ ತಿರುಗಿಸುತ್ತ ನಿಂತೆ. ಅಂಗಡಿಯ ಹುಡುಗ ಮೊದಲು ನಕ್ಕ, ಆಮೇಲೆ ಅವನೇ ಒಳಗಿನಿಂದ ಡಬ್ಬಿಗಳನ್ನು ತಂದು ಹಾಕತೊಡಗಿದ. ಗಾಳಿ ಹೊಗುವ ಜಾಗಗಳು ಮೂರು ಎಂದು ಐದಾರು ಫ್ರೇಮ್ ಆಗುವಷ್ಟರಲ್ಲಿ ತಿಳಿಯಿತು: ಹುಬ್ಬಿನ ಕೆಳಗಿನ ಸಂದು, ಕೆನ್ನೆಯ ಬಳಿಯ ಸಂದು, ಮತ್ತು ಎಲ್ಲಕ್ಕಿಂತ ದೊಡ್ಡದಾದ, ಕಣ್ಣಿನ ಹೊರಮೂಲೆಯ ಬಾಗಿಲು. ರೈಲಿನಲ್ಲಿ ಗಾಳಿ ಬರುವುದು ಈ ಬಾಗಿಲಿನಿಂದಲೇ.

ಚೌಕಟ್ಟೇ ಇಲ್ಲದ ರಿಮ್‌ಲೆಸ್ ಮತ್ತು ಅರ್ಧ ಚೌಕಟ್ಟಿನ ಸುಪ್ರಾ ಫ್ರೇಮುಗಳು ಎಷ್ಟೇ ಚೆಂದವಿದ್ದರೂ ನಮಗೆ ಬೇಡ. ಪೂರ್ತಿ ಚೌಕಟ್ಟಿನ, ಸ್ವಲ್ಪ ದಪ್ಪನೆಯ ಶೆಲ್ ಫ್ರೇಮ್, ಅಂದರೆ ಪ್ಲಾಸ್ಟಿಕ್ಕಿನ ಫ್ರೇಮ್, ಒಳ್ಳೆಯದು. ಅದರ ಕಡ್ಡಿ ಕಣ್ಣಿನ ಪಕ್ಕದಲ್ಲಿ ಬೆರಳಗಲವಿದ್ದರೆ ಇನ್ನೂ ಒಳ್ಳೆಯದು. ಮುಖದ ಸುತ್ತಳತೆಗೆ ಬಾಗಿರುವ ರ‍್ಯಾಪ್ ಅರೌಂಡ್ ಆಕಾರವಾದರೆ ಹೊರಮೂಲೆಯ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ. ಕೆಳಗಿನ ಅಂಚಿಗೂ ಕೆನ್ನೆಗೂ ನಡುವೆ ಕಿರುಬೆರಳು ಸಲೀಸಾಗಿ ಹೊಕ್ಕರೆ ಆ ಫ್ರೇಮ್ ಬಿಡಿ. ಬಾಯ್ತುಂಬ ನಕ್ಕು ನೋಡಿ, ಕೆನ್ನೆ ಫ್ರೇಮನ್ನು ಮೇಲೆತ್ತಿದರೆ ಅದೂ ಬೇಡ. ರೆಪ್ಪೆಗೂದಲು ಗಾಜಿಗೆ ತಾಗಬಾರದು. ತಾಗಿದರೆ ಪ್ರತಿ ಸಲ ಕಣ್ಣು ಮಿಟುಕಿಸಿದಾಗಲೂ ಗಾಜಿಗೆ ಎಣ್ಣೆ ಹತ್ತಿ ಅಕ್ಷರ ಮಂಕಾಗುತ್ತದೆ. ಮೂಗಿನ ಮೇಲೆ ಕೂರುವ ಪ್ಯಾಡುಗಳು ಹೊಂದಿಸುವಂತಿದ್ದರೆ ಫ್ರೇಮನ್ನು ಎರಡು ಮಿಲಿಮೀಟರ್ ಒಳಕ್ಕೆ ತರಬಹುದು, ಗಾಳಿಯ ಮಟ್ಟಿಗೆ ಈ ಎರಡು ಮಿಲಿಮೀಟರ್ ಸಣ್ಣದಲ್ಲ. ಶೆಲ್ ಫ್ರೇಮನ್ನು ಬಿಸಿಮಾಡಿ ಬಗ್ಗಿಸಿ ಕೂರಿಸುವ ಕೆಲಸವನ್ನು ಗಾಜು ಹಾಕುವ ಮೊದಲೇ ಮಾಡಿಸಿ.

ಹಿಡಿಸಿದ ಫ್ರೇಮಿನ ಕಡ್ಡಿಯ ಒಳಬದಿಯಲ್ಲಿ 52-18-140 ಎಂಬಂಥ ಮೂರು ಅಂಕೆಗಳಿರುತ್ತವೆ: ಗಾಜಿನ ಅಗಲ, ಮೂಗಿನ ಸೇತುವೆ, ಕಡ್ಡಿಯ ಉದ್ದ, ಎಲ್ಲವೂ ಮಿಲಿಮೀಟರಿನಲ್ಲಿ. ಇದನ್ನು ಬರೆದಿಟ್ಟುಕೊಂಡರೆ ಮುಂದೆ ಆನ್‌ಲೈನಿನಲ್ಲಿ ಕೊಳ್ಳುವಾಗ ಅಳತೆ ತಪ್ಪುವುದಿಲ್ಲ.

ಒಂದು ಎಚ್ಚರಿಕೆ ಇಲ್ಲಿಯೇ ಹೇಳಬೇಕು. ತುಂಬ ಬಾಗಿದ ಫ್ರೇಮಿಗೆ ಗಾಜೂ ಅಷ್ಟೇ ಬಾಗಿರಬೇಕಾಗುತ್ತದೆ. ಮಾಮೂಲಿ ಓದುವ ನಂಬರಿಗೆ ಇದರಿಂದ ತೊಂದರೆಯಿಲ್ಲ. ಸಿಲಿಂಡರ್ ನಂಬರ್ ಹೆಚ್ಚಿದ್ದರೆ, ದೂರದ ಮೈನಸ್ ನಂಬರ್ ದೊಡ್ಡದಿದ್ದರೆ ಅಂಚಿನಲ್ಲಿ ಸಾಲುಗಳು ಬಾಗಿದಂತೆ ಕಾಣಬಹುದು. ಅಂಥವರು ಮಿತವಾಗಿ ಬಾಗಿದ ಫ್ರೇಮ್ ಆರಿಸಿ ಪಕ್ಕಕ್ಕೆ ಮರೆ ಕಟ್ಟಿಸುವುದು ವಾಸಿ.

ಐವತ್ತು ರೂಪಾಯಿಯಿಂದ ಎರಡು ಸಾವಿರದವರೆಗೆ

ಕಡಿಮೆ ಬೆಲೆಯ ದಾರಿಯನ್ನು ನನಗೆ ತೋರಿಸಿದ್ದು ಅತ್ತೆಯವರ ಕಪ್ಪು ಚಷ್ಮೆ. ಅವರ ಕಣ್ಣಿನ ಪೊರೆ, ಇಲ್ಲಿಯವರ ಬಾಯಲ್ಲಿ ಮೋತಿಬಿಂದು, ತೆಗೆಸಿದಾಗ ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಗಾಗಲ್ ಅದು. ಪಕ್ಕದಲ್ಲೂ ಮೇಲೆಯೂ ಮುಚ್ಚಿಕೊಂಡಿರುವಂಥದ್ದು. ಒಂದು ರಾತ್ರಿ ಕಣ್ಣುರಿ ತಡೆಯಲಾರದೆ ಅದನ್ನು ತೊಳೆದು ನನ್ನ ಚಾಳೀಸಿನ ಮೇಲೆಯೇ ತೊಟ್ಟು ಕುಳಿತೆ. ಕಪ್ಪು ಗಾಜಿನಿಂದ ಅಕ್ಷರ ಕಾಣಲಿಲ್ಲ, ಆದರೆ ಕಾಲು ಗಂಟೆಯಲ್ಲಿ ಉರಿ ಇಳಿಯಿತು. ಅದೇ ಗಾಗಲ್ ಬಿಳಿ ಗಾಜಿನಲ್ಲೂ ಸಿಗುತ್ತದೆ. ಕಣ್ಣಿನ ಆಸ್ಪತ್ರೆಗಳ ಪಕ್ಕದ ಔಷಧದಂಗಡಿಗಳಲ್ಲಿ ಐವತ್ತರಿಂದ ನೂರೈವತ್ತು ರೂಪಾಯಿಗೆ ಕೇಳಿ ನೋಡಿ. ನಿಮ್ಮ ಓದುವ ಕನ್ನಡಕ ಸಣ್ಣದಿದ್ದರೆ ಅದರ ಮೇಲೆ ಕೂರುತ್ತದೆ. ಗಾಜಿನ ಗುಣಮಟ್ಟ ಸಾಧಾರಣ, ದಿನವಿಡೀ ಓದಲು ಯೋಗ್ಯವಲ್ಲ. ಗಾಳಿ ತಡೆದರೆ ನಿಮಗೆ ಸುಖ ಸಿಗುತ್ತದೆಯೇ ಎಂದು ಪರೀಕ್ಷಿಸಿ ನೋಡಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ಇದಕ್ಕಿಂತ ಒಂದು ಮೆಟ್ಟಿಲು ಮೇಲಿನದು ಕಾರ್ಖಾನೆಯ ಕೆಲಸಗಾರರಿಗಾಗಿ ಮಾಡಿದ ಸೇಫ್ಟಿ ಕನ್ನಡಕ. ಮಸೀದ್ ಬಂದರ್ ನಿಲ್ದಾಣದ ಪಶ್ಚಿಮಕ್ಕೆ, ಕ್ರಾಫರ್ಡ್ ಮಾರ್ಕೆಟ್ಟಿನಿಂದ ನಡೆದು ಹೋಗುವಷ್ಟು ದೂರದಲ್ಲಿರುವ ನಾಗದೇವಿ ಸ್ಟ್ರೀಟ್ ಹಾರ್ಡ್‌ವೇರ್ ಮತ್ತು ಕಾರ್ಖಾನೆ ಸಾಮಾನುಗಳ ಪೇಟೆ. ಹೆಲ್ಮೆಟ್, ಕೈಗವಸು, ಬೂಟುಗಳ ನಡುವೆ ಈ ಕನ್ನಡಕಗಳನ್ನು ಜೋಲಿಬಿಟ್ಟಿರುತ್ತಾರೆ. ಭಾನುವಾರ ಹೋದರೆ ಬಾಗಿಲು ನೋಡಿ ಬರಬೇಕಾಗುತ್ತದೆ. ಪುಣೆಯಲ್ಲಿ ರವಿವಾರ ಪೇಟೆಯ ಬೋಹರಿ ಆಳಿಯಲ್ಲಿ ಇಂಥ ಸಾಮಾನು ಸಿಗುತ್ತದೆ. ಅಂಗಡಿಯವರಿಗೆ ಎರಡು ಮಾತು ಹೇಳಿ: ಗಾಜು ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದು, ಬಿಳಿಯದು ಆಗಿರಲಿ, ಕನ್ನಡಕದ ಮೇಲೆ ತೊಡುವಂಥದ್ದಾಗಿರಲಿ. ಇದನ್ನು ಅವರು ಓವರ್ ಸ್ಪೆಕ್ಸ್ ಎನ್ನುತ್ತಾರೆ. ಬೆಲೆ ಸಾಮಾನ್ಯವಾಗಿ ನೂರರಿಂದ ಮುನ್ನೂರು ರೂಪಾಯಿ. ಗಾಜಿನ ಮೂಲೆಯಲ್ಲೋ ಕಡ್ಡಿಯ ಮೇಲೋ ಐಎಸ್ 5983, ಇಎನ್ 166 ಅಥವಾ ಝಡ್ 87 ಎಂಬ ಗುರುತಿದ್ದರೆ ಅದು ಕಣ್ಣಿನ ರಕ್ಷಣೆಯ ಮಾನಕಕ್ಕೆ ಹೊಂದಿದೆ ಎಂದು ತಯಾರಕರು ಹೇಳಿಕೊಂಡಂತೆ. ಈ ಮಾನಕಗಳು ಮುಖ್ಯವಾಗಿ ಹಾರಿಬರುವ ಚೂರುಗಳ ಏಟಿಗೆ ಸಂಬಂಧಿಸಿದವು, ಒಣಗಣ್ಣಿಗಲ್ಲ. ಆದರೂ ಗುರುತಿಲ್ಲದ ಮಾಲಿಗಿಂತ ಗುರುತಿರುವ ಮಾಲಿನ ಗಾಜು ಓದಲು ಸಾಮಾನ್ಯವಾಗಿ ತಿಳಿಯಾಗಿರುತ್ತದೆ. ಕೊಳ್ಳುವ ಮೊದಲು ಗಾಜಿನ ಮೂಲಕ ಒಂದು ನೇರ ಗೆರೆಯನ್ನು, ಅಂಗಡಿಯ ಷಟರಿನ ಅಂಚಾದರೂ ಸರಿ, ನೋಡುತ್ತ ತಲೆಯನ್ನು ಆಡಿಸಿ. ಗೆರೆ ನೀರಿನಲ್ಲಿ ಕಂಡಂತೆ ಅಲೆಯಾಡಿದರೆ ಬೇರೆಯದನ್ನು ಕೇಳಿ.

ಅಂಚಿಗೆ ಸ್ಪಂಜು ಇರುವ ಸೇಫ್ಟಿ ಕನ್ನಡಕವೂ ಇದೆ, ಬೆಲೆ ಸ್ವಲ್ಪ ಹೆಚ್ಚು. ಮಾಟುಂಗಾದಲ್ಲಿ ಹೋಟೆಲ್ ನಡೆಸುವ ನನ್ನ ಗೆಳೆಯರೊಬ್ಬರು ಗಲ್ಲಾದ ಮೇಲೆ ಕುಳಿತಾಗ ಇದನ್ನೇ ತೊಡುತ್ತಾರೆ. ಅವರ ತಲೆಯ ಮೇಲೊಂದು ಫ್ಯಾನ್, ಬೆನ್ನ ಹಿಂದೆ ಅಡುಗೆಮನೆಯ ಒಗ್ಗರಣೆಯ ಘಾಟು. ಲೆಕ್ಕ ಬರೆಯಲು ಓದುವ ನಂಬರೂ ಬೇಕಲ್ಲ, ಅದಕ್ಕೆ ಅವರು ಆನ್‌ಲೈನಿನಲ್ಲಿ ತರಿಸಿದ್ದು ಗಾಜಿನ ಕೆಳಭಾಗದಲ್ಲಿ ಪ್ಲಸ್ 2 ಇರುವ ಮಾದರಿ. ಬಿಲ್ಲು ನೋಡಿ ಚಿಲ್ಲರೆ ಎಣಿಸಲು ಅದು ಸಾಕು. ಕಾದಂಬರಿ ಓದುವವರಿಗೆ ನಾನು ಇದನ್ನು ಹೇಳುವುದಿಲ್ಲ. ಆ ಸಣ್ಣ ಕಿಟಕಿಯಲ್ಲಿ ಇಡೀ ಸಾಲು ಹಿಡಿಸುವುದಿಲ್ಲ, ಕತ್ತು ನೋಯುತ್ತದೆ.

ಈಗಾಗಲೇ ಒಳ್ಳೆಯ ಓದುವ ಕನ್ನಡಕ ಇದ್ದವರಿಗೆ ಹೆಚ್ಚು ಲಾಭದ್ದು ಸೈಡ್ ಶೀಲ್ಡ್. ಕಡ್ಡಿಗೆ ಪೋಣಿಸಿ ಕಣ್ಣಿನ ಹೊರಮೂಲೆಗೆ ಸರಿಸುವ ಪಾರದರ್ಶಕ ಪ್ಲಾಸ್ಟಿಕ್ಕಿನ ಮರೆ ಇದು. ಸೇಫ್ಟಿ ಸಾಮಾನಿನ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಜೋಡಿಯಾಗಿ ಸಿಗುತ್ತದೆ. ಅಗಲ ಕಡ್ಡಿಗೆ ಒಂದು ಅಳತೆ, ಸಪೂರ ಕಡ್ಡಿಗೆ ಇನ್ನೊಂದು; ಕನ್ನಡಕವನ್ನು ಜೊತೆಗೇ ಒಯ್ಯಿರಿ. ಗಾಳಿಯ ದೊಡ್ಡ ಬಾಗಿಲು ಇದರಿಂದ ಮುಚ್ಚುತ್ತದೆ, ಬೇಡವಾದಾಗ ಕಳಚಿ ಜೇಬಿಗೆ ಹಾಕಿಕೊಳ್ಳಬಹುದು. ಕೆಲವರು ಬಾಗಿಲು ಕಿಟಕಿಗೆ ಅಂಟಿಸುವ ಸ್ಪಂಜಿನ ಟೇಪನ್ನು ಫ್ರೇಮಿಗೆ ಅಂಟಿಸಿಕೊಳ್ಳುತ್ತಾರೆ. ನಾನೂ ಮಾಡಿ ನೋಡಿದ್ದೇನೆ; ಅದರ ಗೋಂದಿನ ವಾಸನೆಗೇ ಕಣ್ಣು ಉರಿಯಿತು.

ಇವು ಯಾವುವೂ ಸಾಲದೆ ಹೋದವರು, ಅಥವಾ ಎರಡು ಕಣ್ಣಿಗೂ ಬೇರೆ ಬೇರೆ ನಂಬರ್ ಇರುವವರು, ಬಾಗಿದ ಫ್ರೇಮಿಗೆ ತಮ್ಮದೇ ನಂಬರಿನ ಪಾಲಿಕಾರ್ಬೊನೇಟ್ ಗಾಜು ಹಾಕಿಸಬೇಕು. ಬಡಾವಣೆಯ ಮಾಮೂಲಿ ಅಂಗಡಿಯಲ್ಲಿ ಫ್ರೇಮ್, ಗಾಜು ಸೇರಿ ಸಾವಿರದಿಂದ ಎರಡು ಸಾವಿರದೊಳಗೆ ಮುಗಿಸಲು ಸಾಧ್ಯ. ದೃಷ್ಟಿ ಸರಿಪಡಿಸುವ ಕನ್ನಡಕಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡ 12ರಿಂದ 5ಕ್ಕೆ ಇಳಿದಿದೆ. ಬಿಲ್ಲು ಕೇಳಿ ಪಡೆಯಿರಿ.

ಫುಟ್‌ಪಾತಿನಲ್ಲೂ ನಿಲ್ದಾಣದ ಹೊರಗೂ ಮಾರುವ ನೂರು ನೂರೈವತ್ತರ ಸಿದ್ಧ ಚಾಳೀಸುಗಳನ್ನು ನಾನು ಹಳಿಯುವುದಿಲ್ಲ. ಎರಡೂ ಕಣ್ಣಿನ ನಂಬರ್ ಒಂದೇ ಇದ್ದು, ಸಿಲಿಂಡರ್ ಇಲ್ಲದಿದ್ದು, ಪಿ.ಡಿ. ಸರಾಸರಿಗೆ ಹತ್ತಿರವಿದ್ದರೆ, ಅಂದರೆ 60ರಿಂದ 64 ಮಿಲಿಮೀಟರ್ ಇದ್ದರೆ, ಮೇಲೊಂದು ಓವರ್ ಸ್ಪೆಕ್ಸ್ ಹಾಕಿಕೊಂಡು ಇದರಲ್ಲೇ ಕೆಲಸ ಸಾಗಿಸಬಹುದು. ಬರೆದಿರುವ ನಂಬರ್ ನಿಜವೇ ಎಂದು ಮನೆಯಲ್ಲೇ ನೋಡಬಹುದು. ಕಿಟಕಿಯ ಎದುರಿನ ಗೋಡೆಯ ಬಳಿ ನಿಂತು ಒಂದು ಗಾಜನ್ನು ಗೋಡೆಗೆ ಸಮಾನಾಂತರವಾಗಿ ಹಿಡಿದು ಹಿಂದೆ ಮುಂದೆ ಸರಿಸಿ. ದೂರದ ಕಟ್ಟಡದ ತಲೆಕೆಳಗಾದ ಚಿತ್ರ ಗೋಡೆಯ ಮೇಲೆ ಸ್ಪಷ್ಟವಾಗಿ ಮೂಡಿದಾಗ ಗೋಡೆಗೂ ಗಾಜಿಗೂ ಇರುವ ಅಂತರವನ್ನು ಟೇಪಿನಿಂದ ಅಳೆಯಿರಿ. ನೂರನ್ನು ಆ ಸೆಂಟಿಮೀಟರುಗಳಿಂದ ಭಾಗಿಸಿದರೆ ನಂಬರ್ ಸಿಗುತ್ತದೆ: 50 ಇದ್ದರೆ ಪ್ಲಸ್ 2, 40 ಇದ್ದರೆ ಎರಡೂವರೆ, 67 ಇದ್ದರೆ ಒಂದೂವರೆ. ಎರಡು ಗಾಜಿಗೂ ಬೇರೆ ಬೇರೆ ಅಂತರ ಬಂದರೆ ಆ ಕನ್ನಡಕ ಬೇಡ.

ದುಡ್ಡು ಹಾಕಬಾರದ ಕಡೆ

ಪರದೆಯ ನೀಲಿ ಬೆಳಕನ್ನು ತಡೆಯುವ ಬ್ಲೂ ಕಟ್ ಗಾಜು ಹಾಕಿಸಿ ಎಂದು ಅಂಗಡಿಯವರು ಒತ್ತಾಯ ಮಾಡದೆ ಬಿಡುವುದಿಲ್ಲ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದು 17 ಪ್ರಯೋಗಗಳನ್ನು ಒಟ್ಟಿಗೆ ನೋಡಿ, ಕಂಪ್ಯೂಟರ್ ಕೆಲಸದಿಂದ ಬರುವ ಕಣ್ಣಿನ ಆಯಾಸವನ್ನು ಇಂಥ ಗಾಜು ಸಾದಾ ಗಾಜಿಗಿಂತ ಹೆಚ್ಚಾಗಿ ತಗ್ಗಿಸುವ ಸಂಭವ ಕಡಿಮೆ ಎಂದಿತು. ಒಣಗುವ ಕಣ್ಣಿಗೆ ಶತ್ರುವಾದದ್ದು ಗಾಳಿ ಮತ್ತು ಮಿಟುಕಿಸದ ರೆಪ್ಪೆ. ಗಾಜಿನ ಬಣ್ಣ ಅವೆರಡಕ್ಕೂ ಏನೂ ಮಾಡದು. ಆ ದುಡ್ಡಿಗೆ ಸೈಡ್ ಶೀಲ್ಡ್ ಬರುತ್ತದೆ. ಬೆಳಕು ಚುಚ್ಚುತ್ತದೆಂದು ಮನೆಯೊಳಗೂ ಕಪ್ಪು ಗಾಜು ತೊಡುವವರಿದ್ದಾರೆ. ಕತ್ತಲೆಗೆ ಒಗ್ಗಿದ ಕಣ್ಣಿಗೆ ಬೆಳಕು ಇನ್ನಷ್ಟು ಚುಚ್ಚುತ್ತದೆ, ಓದಲು ಮತ್ತಷ್ಟು ಕಣ್ಣರಳಿಸಬೇಕಾಗುತ್ತದೆ. ಒಳಗೆ ಬಿಳಿ ಗಾಜೇ ಇರಲಿ.

ಮಬ್ಬು ಮತ್ತು ಸ್ವಚ್ಛತೆ

ಸಂದುಗಳನ್ನೆಲ್ಲ ಮುಚ್ಚಿದ ಕನ್ನಡಕದ ದೊಡ್ಡ ಕಾಟವೆಂದರೆ ಗಾಜಿನ ಒಳಬದಿಗೆ ಮಬ್ಬು ಹಿಡಿಯುವುದು. ಎ.ಸಿ. ಕೋಣೆಯಿಂದ ಹೊರಗಿನ ಸೆಕೆಗೆ ಬಂದೊಡನೆ ಹೊರಬದಿಗೂ ಹಿಡಿಯುತ್ತದೆ. ಮಳೆಗಾಲದಲ್ಲಿ ಕೇಳುವುದೇ ಬೇಡ. ಪೂರ್ತಿ ಬಿಗಿಯಾಗಿ ಮುಚ್ಚುವ ಹಟ ಬೇಡ, ಹುಬ್ಬಿನ ಬಳಿ ಒಂದು ಎಳೆ ಸಂದು ಉಳಿದರೆ ಮಬ್ಬು ಬೇಗ ಕರಗುತ್ತದೆ. ಕೊಳ್ಳುವಾಗಲೇ ಆಂಟಿ ಫಾಗ್ ಲೇಪ ಇರುವುದನ್ನು ಕೇಳಿ. ಇಲ್ಲದಿದ್ದರೆ ಕೈತೊಳೆಯುವ ದ್ರವ ಸಾಬೂನಿನ ಒಂದು ಹನಿಯನ್ನು ಗಾಜಿಗೆ ಸವರಿ, ನೀರಿನಲ್ಲಿ ಚೆನ್ನಾಗಿ ತೊಳೆದು, ಮೆತ್ತಗಿನ ಬಟ್ಟೆಯಿಂದ ಒತ್ತಿ ಒರೆಸಿದರೆ ಕೆಲವು ಗಂಟೆ ತಡೆಯುತ್ತದೆ. ಸಾಬೂನು ಉಳಿಯದಂತೆ ನೋಡಿಕೊಳ್ಳಬೇಕು. ಪಾಲಿಕಾರ್ಬೊನೇಟ್ ಏಟಿಗೆ ಸುಲಭವಾಗಿ ಒಡೆಯುವುದಿಲ್ಲ, ಆದರೆ ಗೀರು ಬೀಳುವುದಕ್ಕೆ ಸೆರಗಿನ ಅಂಚೋ ಅಂಗಿಯ ತುದಿಯೋ ಸಾಕು. ನೇಲ್ ಪಾಲಿಶ್ ತೆಗೆಯುವ ಅಸಿಟೋನಂತೂ ಅದನ್ನು ಮಬ್ಬುಗಟ್ಟಿಸಿಬಿಡುತ್ತದೆ.

ಕನ್ನಡಕ ಬಂದ ಮೇಲೂ ಕುಳಿತುಕೊಳ್ಳುವ ಜಾಗವನ್ನು ಸ್ವಲ್ಪ ಬದಲಿಸಬೇಕು. ಪುಸ್ತಕವಾಗಲಿ ಪರದೆಯಾಗಲಿ ಕಣ್ಣಿನ ಮಟ್ಟಕ್ಕಿಂತ ಕೆಳಗಿದ್ದರೆ ಮೇಲಿನ ರೆಪ್ಪೆ ಇಳಿದು ಕಣ್ಣಿನ ಹೆಚ್ಚಿನ ಭಾಗವನ್ನು ಮುಚ್ಚುತ್ತದೆ. ಎತ್ತರದ ಪರದೆಯನ್ನು ಕಣ್ಣರಳಿಸಿ ನೋಡುವವರಿಗೆ ಯಾವ ಫ್ರೇಮೂ ಪೂರ್ತಿ ಸುಖ ಕೊಡಲಾರದು. ಲೋಕಲಿನಲ್ಲಿ ಓದುವವರು ಗಾಳಿಗೆ ಬೆನ್ನು ಕೊಟ್ಟು ಕೂರಲು ಜಾಗ ಹುಡುಕಬಹುದು, ಸಿಕ್ಕಿದರೆ.

ತೇವದ ಹನಿಗಳನ್ನು ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಹಾಕಬೇಕಾದವರು ಔಷಧ ಕೆಡದಂತೆ ಸೇರಿಸುವ ಸಂರಕ್ಷಕ ಇಲ್ಲದ ಹನಿಯನ್ನು ಬರೆದುಕೊಡುವಂತೆ ವೈದ್ಯರನ್ನು ಕೇಳಬೇಕು. ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಸಂರಕ್ಷಕವೇ ಪದೇ ಪದೇ ಬಿದ್ದರೆ ಕಣ್ಣನ್ನು ಕೆರಳಿಸುತ್ತದೆ. ಔಷಧದಂಗಡಿಯವರು ತಾವಾಗಿ ಕೊಡುವ ಕೆಂಪು ಇಳಿಸುವ ಹನಿಯನ್ನೂ, ಸ್ಟೀರಾಯ್ಡ್ ಇರುವ ಹನಿಯನ್ನೂ ಮುಟ್ಟಬೇಡಿ. ಸ್ಟೀರಾಯ್ಡಿನಿಂದ ಕಣ್ಣಿನ ಒತ್ತಡ ಏರಿ ನೋಟಕ್ಕೇ ಕುತ್ತು ಬರಬಹುದು. ಕಣ್ಣು ನೋಯುತ್ತಿದ್ದರೆ, ಕೀವು ಬರುತ್ತಿದ್ದರೆ, ಬೆಳಕನ್ನು ನೋಡಲಾಗದಿದ್ದರೆ, ರೆಪ್ಪೆ ಬಡಿದ ಮೇಲೂ ಮಸುಕು ಹೋಗದಿದ್ದರೆ ಕನ್ನಡಕದ ವಿಚಾರ ಬದಿಗಿಟ್ಟು ಅಂದೇ ವೈದ್ಯರಲ್ಲಿಗೆ ಹೋಗಿ. ಕಣ್ಣಿನ ಜೊತೆ ಬಾಯಿಯೂ ಒಣಗುತ್ತಿದ್ದು ಕೀಲುಗಳೂ ನೋಯುತ್ತಿದ್ದರೆ ಅದನ್ನು ಮರೆಯದೆ ಹೇಳಿ. ಶೋಗ್ರೆನ್ ಎಂಬ ಕಾಯಿಲೆ ಹೀಗೆ ಕಾಣಿಸಿಕೊಳ್ಳುವುದುಂಟು. ಅಲರ್ಜಿಗೆ, ಖಿನ್ನತೆಗೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳೂ ಕಣ್ಣನ್ನು ಒಣಗಿಸುತ್ತವೆ, ಆದ್ದರಿಂದ ಮಾತ್ರೆಯ ಚೀಟಿಗಳನ್ನು ಜೊತೆಗೇ ಒಯ್ಯಿರಿ. ಆದರೆ ನೀವಾಗಿ ನಿಲ್ಲಿಸಬೇಡಿ.

ಸ್ಪಂಜಿನ ಅಂಚಿಗೆ ಬೆವರು, ಎಣ್ಣೆ, ಹನಿಗಳ ಅಂಟು ಹತ್ತಿ ಕೊಳೆಯಾಗುತ್ತದೆ. ವಾರಕ್ಕೆ ಎರಡು ಸಲವಾದರೂ ಸಾಬೂನು ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ, ಗಟ್ಟಿಯಾದಾಗ ಅಥವಾ ಹರಿದಾಗ ಬದಲಿಸಿ. ಸೈಡ್ ಶೀಲ್ಡಿನ ಪ್ಲಾಸ್ಟಿಕ್ ಕ್ರಮೇಣ ಹಳದಿಯಾಗುತ್ತದೆ, ಕಡ್ಡಿಯ ಮೇಲೆ ಸಡಿಲವಾಗಿ ಜಾರತೊಡಗುತ್ತದೆ. ನಾಗದೇವಿಗೆ ಹೋದಾಗ ಎರಡು ಜೋಡಿ ತಂದಿಟ್ಟುಕೊಂಡರೆ ಅದೊಂದಕ್ಕಾಗಿ ಮತ್ತೆ ಮಸೀದ್ ಬಂದರಿನ ಗರ್ದಿಯಲ್ಲಿ ಇಳಿಯುವುದು ತಪ್ಪುತ್ತದೆ.